ಹೊರಗೆ ಎಂಬುದು ಎಲ್ಲಿದೆ?

ಶುಚಿ, ಅಶುಚಿಗಳ ಬಗ್ಗೆ ಕನ್ನಡಿಗರು ಆಡುವ ಮಾತಿನಲ್ಲಿ ‘ಹೊರಗೆ’ ಎಂಬ ಪದಕ್ಕೆ ದೊಡ್ಡ ಪಾಲಿದೆ. ಮುಸುರೆಯನ್ನು ಹೊರಗೆ ಚೆಲ್ಲುತ್ತೇವೆ, ಕಸವನ್ನು ಹೊರಗೆ ಹಾಕುತ್ತೇವೆ, ಚಪ್ಪಲಿಯನ್ನು ಹೊರಗೆ ಬಿಡುತ್ತೇವೆ. ಹೆಣ್ಣುಮಕ್ಕಳ ಮುಟ್ಟಿಗೂ ‘ಹೊರಗಾಗುವುದು’ ಎಂದೇ ಹೆಸರಿಟ್ಟಿದ್ದೇವೆ. ಮಡಿ ಒಳಗಿನದು, ಮೈಲಿಗೆ ಹೊರಗಿನದು, ನಡುವೆ ಒಂದು ಹೊಸ್ತಿಲು. ಈ ಏರ್ಪಾಡು ನಡೆಯಬೇಕಾದರೆ ಹೊಸ್ತಿಲಿನಾಚೆ ಯಾರಿಗೂ ಸೇರದ, ಎಷ್ಟು ಸುರಿದರೂ ತುಂಬದ ಜಾಗವೊಂದು ಇರಲೇಬೇಕು. ಅಂಥ ಜಾಗ ನಿಜಕ್ಕೂ ಇದೆಯೇ? ಪ್ರಶ್ನೆ ಹುಟ್ಟುವುದು ಅಡುಗೆಮನೆಯಲ್ಲಾದರೂ ಅದು ಧರ್ಮದ ಪ್ರಶ್ನೆ. ಅದನ್ನು ಕೇಳಲು ಕೊಡಗಿಗಿಂತ ತಕ್ಕ ನೆಲ ಸಿಗುವುದು ಕಷ್ಟ. ಇಲ್ಲಿಗೆ ನೀರು ಬರುವುದು ಆಕಾಶದಿಂದ. ಇಲ್ಲಿಂದ ಅದು ಹೊರಡುವುದು ಬೇರೆಯವರ ಊರುಗಳಿಗೆ.

ಪ್ರತಿವರ್ಷ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥ ಉಕ್ಕುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಕೊಡವ ಮನೆಗಳಲ್ಲಿ ಕಣಿಪೂಜೆ ನಡೆಯುತ್ತದೆ: ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ವಸ್ತ್ರ ಸುತ್ತಿ, ಹೂವು, ಒಡವೆ ತೊಡಿಸಿ, ಅದನ್ನೇ ಕಾವೇರಮ್ಮೆಯೆಂದು ಮನೆಮಂದಿಯೆಲ್ಲ ಕೈಮುಗಿಯುತ್ತಾರೆ. ದೇವಿ ತರಕಾರಿಯ ರೂಪದಲ್ಲಿ ಮನೆಯೊಳಗೆ ಬಂದು ಕೂರುತ್ತಾಳೆ. ಆದರೆ ಉಳಿದ ದಿನಗಳಲ್ಲಿ ಅಂಥದೇ ಸೌತೆಯ ಸಿಪ್ಪೆ ಹಿತ್ತಲ ಚರಂಡಿಗೆ ಬಿದ್ದರೆ ಮೊದಲ ಜಡಿಮಳೆಗೆ ತೋಡಿಗಿಳಿಯುತ್ತದೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಾವೇರಿಗೆ. ಪಶ್ಚಿಮಕ್ಕೆ ಇಳಿಯುವ ಬಾರಪೊಳೆ, ಪಯಸ್ವಿನಿಗಳ ಬದಿಯಲ್ಲಾದರೆ ಕಣ್ಣೂರು, ಕಾಸರಗೋಡಿನವರ ಕಡೆಗೆ. ಅಂದರೆ ನದಿಯ ತವರಿನಲ್ಲಿ ‘ಹೊರಗೆ’ ಎಂದು ನಾವು ಕರೆಯುವುದು ಒಂದೋ ದೇವಿಯ ಮಡಿಲು, ಇಲ್ಲವೇ ಇನ್ನೊಬ್ಬರ ನೀರು. ಮನೆಯನ್ನು ಮಡಿಯಾಗಿಡಲು ಪೂಜಿಸುವ ದೇವತೆಯನ್ನೇ ಮೈಲಿಗೆ ಮಾಡುವ ಆಚಾರವನ್ನು ಆಚಾರವೆನ್ನಬಹುದೇ?

ಮಡಿ, ಮೈಲಿಗೆಯ ಚರ್ಚೆಗೂ ಕೊಡಗಿಗೂ ಹಳೆಯ ನಂಟು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಮೇಲೆ ಪ್ರಕಟಿಸಿದ ಗ್ರಂಥದಲ್ಲಿ ‘ಮಡಿ’, ‘ಪೊಲೆ’ (ಮೈಲಿಗೆ) ಎಂಬ ಎರಡು ಪದಗಳ ಸುತ್ತ ಆಚರಣೆಗಳನ್ನು ಬಿಡಿಸಿ ತೋರಿಸಿದರು. ಅವರ ಬರಹವನ್ನು ಬಳಸಿಕೊಂಡವರಲ್ಲಿ ಬ್ರಿಟನ್ನಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ ಒಬ್ಬರು. 1966ರ ತಮ್ಮ ಹೆಸರಾಂತ ಪುಸ್ತಕದಲ್ಲಿ ಅವರು ವಾದಿಸಿದ್ದು ಇಷ್ಟು: ಕೊಳೆಯೆಂಬುದು ವಸ್ತುವಿನ ಗುಣವಲ್ಲ, ವಸ್ತು ಜಾಗ ತಪ್ಪಿದಾಗ ಅದಕ್ಕೆ ಅಂಟುವ ಹೆಸರು. ಅವರು ಹೇಳಿದ್ದು ಮನಸ್ಸಿನ ವಿಂಗಡಣೆಗಳ ಬಗ್ಗೆ. ಆದರೆ ಕಾಫಿ ಸಿಪ್ಪೆಯ ವಿಚಾರದಲ್ಲಿ ಅದು ಅಕ್ಷರಶಃ ನಿಜ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಸಿಪ್ಪೆಯೂ ಲೋಳೆನೀರೂ ಹಳ್ಳಕ್ಕೆ ಸೇರಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ. ಮೀನು ಉಸಿರುಗಟ್ಟಿ ಸಾಯುತ್ತದೆ. ಅದೇ ಸಿಪ್ಪೆಯನ್ನು ಸಗಣಿ, ತರಗೆಲೆಯ ಜೊತೆ ಗುಡ್ಡೆಹಾಕಿ ಕಳಿಯಲು ಬಿಟ್ಟರೆ ಅದೇ ತೋಟದ ಗಿಡಕ್ಕೆ ಗೊಬ್ಬರ. ವಸ್ತು ಒಂದೇ, ನೀರಿನಲ್ಲಿ ವಿಷ, ಮಣ್ಣಿನಲ್ಲಿ ಅನ್ನ.

ಎಸೆಯುವುದೊಂದೇ ಶುಚಿಯ ದಾರಿಯಲ್ಲ ಎಂಬುದಕ್ಕೆ ಸಾಕ್ಷಿ ಕೊಡಗಿನೊಳಗೇ ಇದೆ. ದಾಖಲೆಗಳು ಎಣಿಸುವ ಇಲ್ಲಿನ 1,214 ದೇವರಕಾಡುಗಳ ಮೂಲ ಕಟ್ಟಳೆ ಸರಳ: ಒಳಗಿನದು ಹೊರಗೆ ಹೋಗಕೂಡದು. ಮರ ಕಡಿಯುವಂತಿಲ್ಲ, ಬಿದ್ದ ಕೊಂಬೆ ಹೊರುವಂತಿಲ್ಲ. ಕಟ್ಟಳೆ ಇನ್ನೂ ಉಳಿದ ಕಾಡಿನ ನೆಲವನ್ನು ಬಗ್ಗಿ ನೋಡಿದರೆ ಮೇಲೆ ನಿನ್ನೆ ಬಿದ್ದ ಇಡೀ ಎಲೆ, ಅದರಡಿ ಒದ್ದೆಯಾಗಿ ಕಪ್ಪಿಟ್ಟ ಎಲೆ, ಅದರಡಿ ನರಗಳಷ್ಟೇ ಉಳಿದ ಎಲೆಯ ಜಾಲರಿ, ಬಿಳಿ ದಾರದಂಥ ಶಿಲೀಂಧ್ರ, ಕೊನೆಗೆ ಎಲೆಯೋ ಮಣ್ಣೋ ಹೇಳಲಾಗದ ಕರಿಪುಡಿ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಗೆ ಬಂದ ಮಣ್ಣಿನ ನಾಯಿಗಳೂ ಪಾಚಿ ಹಿಡಿದು, ಕಿವಿ ಮುರಿದು, ಈ ಎಲೆಗಳ ನಡುವೆಯೇ ಹೂತುಹೋಗುತ್ತವೆ. ಊರಿನ ಅತ್ಯಂತ ಪವಿತ್ರವಾದ ಜಾಗದಲ್ಲಿ ಹಗಲಿರುಳು ನಡೆಯುತ್ತಿರುವುದು ಕೊಳೆಯುವ ಕೆಲಸ. ಅಲ್ಲಿನ ಪಾವಿತ್ರ್ಯ ಕೊಳೆತವನ್ನು ದೂರವಿಟ್ಟು ಬಂದದ್ದಲ್ಲ, ಬಿದ್ದುದನ್ನು ಬಿದ್ದಲ್ಲೇ ಮುಗಿಯಗೊಟ್ಟು ಬಂದದ್ದು.

ಹಿತ್ತಲಿನ ಗೊಬ್ಬರದ ಗುಂಡಿ ಈ ಕಟ್ಟಳೆಯನ್ನು ಮನೆಯ ಅಳತೆಗೆ ತರುತ್ತದೆ. ಕಾಡು ತಾನಾಗಿ ಮಾಡುವುದನ್ನು ಇಲ್ಲಿ ಕೈ ಮಾಡಬೇಕು. ಅಡುಗೆಮನೆಯ ಹಸಿಕಸದಲ್ಲಿ ಸಾರಜನಕ ಹೆಚ್ಚು, ಒಣ ತರಗೆಲೆಯಲ್ಲಿ ಇಂಗಾಲ ಹೆಚ್ಚು. ಒಟ್ಟು ರಾಶಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 30 ಪಾಲು ಇದ್ದರೆ ಕೆಲಸ ಸಲೀಸು. ಹದ ಸೇರಿದ ದೊಡ್ಡ ರಾಶಿಯ ಒಡಲು ಕೆಲವೇ ದಿನಗಳಲ್ಲಿ 55ರಿಂದ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಚಳಿಗಾಲದ ಬೆಳಗ್ಗೆ ಕೆದಕಿದರೆ ಹಬೆಯೇಳುತ್ತದೆ, ಒಳಗೆ ಕೈಯಿಟ್ಟರೆ ತಾಳಲಾಗದು. ರೋಗಾಣುಗಳೂ ಕಳೆಬೀಜಗಳೂ ಹೆಚ್ಚಿನಂಶ ಆ ಕಾವಿನಲ್ಲೇ ಸಾಯುತ್ತವೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ಊರ ಕಸವನ್ನೂ ಮಲವನ್ನೂ ಪದರ ಪದರವಾಗಿ ಹೂತು ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. ಕೃಷಿಗ್ರಂಥಗಳಲ್ಲಿ ಅದು ಇಂದಿಗೂ ಬೆಂಗಳೂರು ಪದ್ಧತಿ. ಅತ್ಯಂತ ಹೇಯವೆನ್ನುವ ವಸ್ತುವೂ ಕಾಲ ಕೊಟ್ಟರೆ ವಾಸನೆಯಿಲ್ಲದ ಮಣ್ಣಾಗುತ್ತದೆಂದರೆ, ಮೈಲಿಗೆ ವಸ್ತುವಿನ ಹುಟ್ಟುಗುಣವೆಂಬ ನಂಬಿಕೆಗೆ ಆಧಾರ ಉಳಿಯುವುದಿಲ್ಲ. ತೈತ್ತಿರೀಯ ಉಪನಿಷತ್ತಿನ ಭೃಗು ಬ್ರಹ್ಮವನ್ನು ಹುಡುಕಿ ಮೊದಲು ಕಂಡುಕೊಂಡದ್ದು ಅನ್ನವನ್ನು. ಅದೇ ಉಪನಿಷತ್ತು ಅನ್ನವನ್ನು ಜೀವಿಗಳು ತಿನ್ನುವಂಥದೂ ಜೀವಿಗಳನ್ನು ತಿನ್ನುವಂಥದೂ ಎಂದು ಎರಡು ಬಗೆಯಲ್ಲಿ ವಿವರಿಸುತ್ತದೆ. ಆ ಎರಡನೆಯ ಅರ್ಥ ಗುಂಡಿಯಲ್ಲಿ ಕಣ್ಣಿಗೆ ಕಾಣುತ್ತದೆ.

ಈ ವಾದಕ್ಕೆ ಮೊದಲ ಆಕ್ಷೇಪ ಆಧುನಿಕರದು: ಕಸ ಆಡಳಿತದ ವಿಷಯ, ಅದಕ್ಕೆ ಧರ್ಮದ ಬಣ್ಣ ಯಾಕೆ? ತೆರಿಗೆ ಕಟ್ಟುತ್ತೇವೆ, ಗಾಡಿ ಬಂದು ಒಯ್ಯಲಿ. ಆದರೆ ಗಾಡಿ ಒಯ್ಯುವುದೂ ಇನ್ನೊಂದು ‘ಹೊರಗೆ’ಗೇ. ಎಲ್ಲ ಬೆರೆಸಿ ಕೊಟ್ಟ ಕಸ ಬೆಟ್ಟದ ಯಾವುದೋ ಮಗ್ಗುಲಲ್ಲಿ ರಾಶಿಯಾಗಿ, ಗಾಳಿಯಾಡದೆ ನಾರಿ, ಮಳೆಗೆ ರಸ ಬಿಡುತ್ತದೆ. ಅದು ತಿಪ್ಪೆ ಸಾರಿಸುವ ಕೆಲಸ ಅಷ್ಟೆ. ಘನತ್ಯಾಜ್ಯ ನಿಯಮಗಳು ಹಸಿ, ಒಣ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ವಿಧಿಸಿದರೂ ಬೇರ್ಪಡಿಸುವ ಕೈಗೆ ಕಾರಣ ಬೇಕು, ಅದನ್ನು ಕಾನೂನು ಕೊಡಲಾರದು. ಇನ್ನೂ ಆಳದ ಮಾತೊಂದಿದೆ. ಶ್ರೀನಿವಾಸ್ ಗುರುತಿಸಿದ ‘ಪೊಲೆ’ಯೇ ಕನ್ನಡದ ಹೊಲೆ, ಆ ಪದ ವಸ್ತುವಿನ ಮೇಲಷ್ಟೇ ನಿಲ್ಲದೆ ಮನುಷ್ಯರ ಮೇಲೂ ಬಿತ್ತು. ಒಬ್ಬರ ಮಡಿ ಉಳಿಯಲು ಇನ್ನೊಬ್ಬರು ಎಂಜಲೆತ್ತಬೇಕಾಯಿತು. ತನ್ನ ಎಲೆಯ ಎಂಜಲನ್ನು ತಾನೇ ಮಣ್ಣಿಗೆ ಸೇರಿಸುವ ಮನೆ ಆ ಹಳೆಯ ಸಾಲದಲ್ಲಿ ಸ್ವಲ್ಪವನ್ನಾದರೂ ತೀರಿಸುತ್ತದೆ.

ಎರಡನೆಯ ಆಕ್ಷೇಪ ಸಂಪ್ರದಾಯಸ್ಥರದು: ಹುಳು ಆಡುವ ರಾಶಿಯನ್ನು ದೇವರಿರುವ ಮನೆಯ ಪಕ್ಕ ಇಟ್ಟುಕೊಳ್ಳುವುದು ಅನಾಚಾರವಲ್ಲವೇ, ನಿರ್ಮಾಲ್ಯದ ಹೂವನ್ನು ಮುಸುರೆಯ ಜೊತೆ ಬೆರೆಸಬಹುದೇ? ಬೆರೆಸಲು ಮನಸ್ಸೊಪ್ಪದವರು ಹೂವಿಗೆ ಬೇರೆ ಕುಳಿ ತೋಡಲಿ. ತುಳಿಯದ ಕಡೆ, ಗಿಡದ ಬುಡಕ್ಕೆ ಹಾಕುವ ಪದ್ಧತಿ ಹಳೆಯದೇ. ಹುಳುವಿನ ಮಾತಿಗೆ ಉತ್ತರ ರೈತರ ದೀಪಾವಳಿಯಲ್ಲಿದೆ: ಹಳ್ಳಿಗಳಲ್ಲಿ ಕೊಟ್ಟಿಗೆಯ ಜೊತೆ ಗೊಬ್ಬರದ ಗುಂಡಿಗೂ ದೀಪವಿಡುತ್ತಾರೆ. ವ್ಯಾವಹಾರಿಕ ತೊಡಕುಗಳು ಮಾತ್ರ ಗಟ್ಟಿಯಾದವು. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ಮೀರುವ ಮಳೆಯಲ್ಲಿ ತೆರೆದ ಗುಂಡಿ ಕೆಸರಾಗಿ ನಾರುತ್ತದೆ; ಮೇಲೆ ಮಾಡು, ಸುತ್ತ ಕಾಲುವೆ, ಬೇಸಿಗೆಯಲ್ಲೇ ಮೂಟೆ ಕಟ್ಟಿಟ್ಟ ತರಗೆಲೆ ಬೇಕು. ಹಂದಿ ಮಾಂಸದ ಮೂಳೆ, ಎಣ್ಣೆ ಪದಾರ್ಥ ನಾಯಿ ನರಿಗಳನ್ನು ಕರೆಯುತ್ತವೆ. ಹಲಸಿನ ವಾಸನೆಗೆ ತೋಟಕ್ಕೆ ನುಗ್ಗುವ ಆನೆಗೆ ಹಲಸಿನ ಸಿಪ್ಪೆಯ ರಾಶಿ ಆಹ್ವಾನವಾದೀತು, ಆಳವಾಗಿ ಹೂಳಬೇಕು. ಎಲ್ಲ ಆಚಾರವೂ ಊರಿನ ಮಳೆ, ಮೃಗಗಳನ್ನು ಅರಿತೇ ನಡೆಯಬೇಕು, ಇದೂ ಅಷ್ಟೇ.

ಕಡೆಯ ಆಕ್ಷೇಪ ನ್ಯಾಯದ್ದು: ಕೊಡವ ಕುಟುಂಬದ ಐನ್‌ಮನೆಗೆ ಹಿತ್ತಲಿದೆ, ಎಸ್ಟೇಟಿನ ಕಾರ್ಮಿಕರ ಲೈನ್‌ಮನೆಗೆ ಎಲ್ಲಿದೆ? ಒಪ್ಪಬೇಕಾದ ಮಾತು. ನೆಲವಿಲ್ಲದವರಿಗೆ ಗುಂಡಿಯ ಧರ್ಮ ಬೋಧಿಸುವುದು ಕ್ರೌರ್ಯ. ಆದ್ದರಿಂದಲೇ ಹೊಣೆ ನೆಲದ ಅಳತೆಯಲ್ಲಿ ಬೆಳೆಯಬೇಕು: ನೂರು ಎಕರೆ ತೋಟದವರು ತಮ್ಮ ಕಾರ್ಮಿಕರ ಲೈನಿನ ಹಸಿಕಸಕ್ಕೂ, ಹೋಂಸ್ಟೇ ನಡೆಸುವವರು ಬಂದ ಅತಿಥಿಗಳ ಎಲೆಗೂ ಜಾಗ ಕೊಡಲಿ. ಪ್ಲಾಸ್ಟಿಕ್ಕನ್ನಂತೂ ಯಾವ ಗುಂಡಿಯೂ ಜೀರ್ಣಿಸಿಕೊಳ್ಳದು. ಅದನ್ನು ತರದಿರುವುದೇ ಸರಿ.

ಹೀಗೆ ನೋಡಿದರೆ ಮಡಿಯನ್ನು ಬಿಡಬೇಕಾಗಿಲ್ಲ, ಅದರ ಹೊಸ್ತಿಲನ್ನು ಸ್ವಲ್ಪ ಸರಿಸಿದರೆ ಸಾಕು. ಅಡುಗೆಮನೆ ತೊಳೆದಲ್ಲಿಗೆ ಶುಚಿ ಮುಗಿಯುವುದಿಲ್ಲ, ತೊಳೆದು ತೆಗೆದದ್ದು ಮಣ್ಣಾಗುವವರೆಗೆ ಆ ಮನೆಯ ಮಡಿ ಅರ್ಧವೇ. ಸಂಕ್ರಮಣದ ದಿನ ಸೌತೆಕಾಯಿಯಲ್ಲಿ ಕಾವೇರಿಯನ್ನು ಕಂಡ ಕಣ್ಣಿಗೆ, ಮಾರನೆಯ ವಾರ ಪಚಡಿಗೆ ಹೆರೆದ ಸೌತೆಯ ಸಿಪ್ಪೆ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.