ಯಾರೂ ಬೈಯದ ಆಯ್ಕೆ

ಕಳೆದ ದೀಪಾವಳಿಗೆ ನನ್ನ ತಮ್ಮನ ಮಗಳು ಹೈದರಾಬಾದಿನಿಂದ ಆಡಕಿಗೆ ಬಂದಿದ್ದಳು. ಔಷಧಿಗಳ ಸಗಟು ವ್ಯಾಪಾರದ ಕಂಪನಿಯೊಂದರಲ್ಲಿ ಅವಳಿಗೆ ಕಂಪ್ಯೂಟರ್ ವಿಭಾಗದ ಕೆಲಸ. ಹಬ್ಬದ ದಿನವೇ ಕರ್ಚಿಕಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕಾಗದಗಳನ್ನು ಹರವಿಕೊಂಡು ಕುಳಿತಳು.

“ಏನವ್ವಾ, ಹಬ್ಬದಾಗೂ ಲೆಕ್ಕೇನು?” ಎಂದೆ.

“ಒಂದು ಸಹಿ ಮಾಡೋದದ ಅತ್ತಿ. ಮಾಡ್ಲೋ ಬ್ಯಾಡೋ ತಿಳೀವಲ್ದು.”

ವಿಷಯ ಇಷ್ಟು. ಯಾವ ಊರಿನಲ್ಲಿ ಯಾವ ಔಷಧಿ ಎಷ್ಟು ಮಾರಾಟವಾಯಿತು, ಯಾವುದು ಗೋದಾಮಿನಲ್ಲೇ ಅವಧಿ ಮುಗಿಯುತ್ತ ಕೂತಿದೆ ಎಂದು ವಿಶ್ಲೇಷಿಸಿ ಹೇಳುವ ಸಾಫ್ಟ್‌ವೇರ್ ಅವರಲ್ಲಿದೆ. ಅದು ಓಡುವ ದೊಡ್ಡ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ತಿಂಗಳ ಕೊನೆಗೆ ಎಲ್ಲರೂ ವರದಿ ಕೇಳುವಾಗ ಅದು ತೆವಳುತ್ತದೆಯಂತೆ. ಆದ್ದರಿಂದ ಹೊಸ ಸರ್ವರ್ ತರಬೇಕು, ಅದಕ್ಕೆ ಯಾವ ಪ್ರೊಸೆಸರ್ ಇರಬೇಕೆಂದು ಇವಳು ಬರೆದುಕೊಡಬೇಕು. ಮಾರುವವರು ಬಲು ದೊಡ್ಡದನ್ನೇ ಸೂಚಿಸಿದ್ದರು, 96 ಕೋರಿನದು.

ಕೋರ್ ಎಂದರೇನೆಂದು ನನಗೂ ಗೊತ್ತಿರಲಿಲ್ಲ. ಅವಳು ಹೇಳಿದ್ದನ್ನು ನಾನು ರೊಟ್ಟಿಯ ಲೆಕ್ಕದಲ್ಲಿ ತಿಳಿದುಕೊಂಡೆ. ಪ್ರೊಸೆಸರ್ ಒಂದು ಅಡಿಗೆಮನೆಯಾದರೆ ಕೋರುಗಳು ಅಲ್ಲಿ ರೊಟ್ಟಿ ಬಡಿಯುವ ಹೆಂಗಸರು. 2017ರಲ್ಲಿ ಎಎಂಡಿ ಕಂಪನಿಯ ಎಪಿಕ್ ಪ್ರೊಸೆಸರ್ ಬಂದಾಗ ಅದರಲ್ಲಿ 32 ಕೋರುಗಳವರೆಗೆ ಇದ್ದವು. 2022ರ ಹೊತ್ತಿಗೆ ಅದೇ ಹೆಸರಿನದರಲ್ಲಿ 96 ಆದವು. ಆದರೆ ನಮ್ಮ ಮನೆಗಳ ಮದುವೆಯಲ್ಲಿ ನೀವೂ ನೋಡಿದ್ದೀರಿ. ರೊಟ್ಟಿ ಬಡಿಯುವ ಕೆಲಸವನ್ನು ಹತ್ತು ಜನ ಹಂಚಿಕೊಳ್ಳಬಹುದು, ಎಸರು ಕಾಯುವುದನ್ನು ಹಂಚಿಕೊಳ್ಳಲಾಗದು. ಒಬ್ಬಳಿಗೆ ಒಂದು ಗಂಟೆ ಹಿಡಿಯುವ ಕೆಲಸದಲ್ಲಿ ಆರು ನಿಮಿಷ ಎಸರಿಗೇ ಹೋಗುವುದಾದರೆ, ನೂರು ಜನ ಬಂದರೂ ಆರು ನಿಮಿಷದೊಳಗೆ ಊಟ ಸಿದ್ಧವಾಗುವುದಿಲ್ಲ. ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞರು 1967ರಲ್ಲಿ ಮುಂದಿಟ್ಟ ವಾದ ಇದೇ ಎಂದು ಹುಡುಗಿ ಹೇಳಿದಾಗ, ನಮ್ಮ ಅವ್ವನಿಗೂ ಇದು ಗೊತ್ತಿತ್ತಲ್ಲ ಎಂದು ನಗು ಬಂತು.

ಇನ್ನೊಂದು ಸಂಗತಿ ಕೇಳಿ. ಕೆಲವು ಸಾಫ್ಟ್‌ವೇರ್‌ಗಳಿಗೆ ಕೋರುಗಳನ್ನು ಎಣಿಸಿ ಪರವಾನಗಿ ದುಡ್ಡು ಕಟ್ಟಬೇಕು. ಮಾಹಿತಿಯನ್ನು ಉಗ್ರಾಣದಂತೆ ಕೂಡಿಡುವ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಂಬುದಕ್ಕೆ 2012ರ ಆವೃತ್ತಿಯಿಂದ ಈ ಪದ್ಧತಿ ಬಂದಿದೆ. ಅಂದರೆ ಕೂಲಿಯವಳು ದುಡಿಯಲಿ, ಗೋಡೆಗೊರಗಿ ಕೂತಿರಲಿ, ಪಗಾರ ಕೊಡಲೇಬೇಕು. ಅದಕ್ಕೇ 2020ರಲ್ಲಿ ಎಎಂಡಿಯವರೇ 8, 16, 24 ಕೋರುಗಳಷ್ಟೇ ಇದ್ದು ಒಂದೊಂದೂ ಚುರುಕಾಗಿರುವ ಪ್ರೊಸೆಸರುಗಳನ್ನೂ ಮಾರುಕಟ್ಟೆಗೆ ಬಿಟ್ಟರಂತೆ. ದೊಡ್ಡದೂ ಬೇಕಾಗುವವರಿದ್ದಾರೆ. ಒಂದೇ ಹೊತ್ತಿಗೆ ನೂರಾರು ಜನ ಬೇರೆ ಬೇರೆ ಪ್ರಶ್ನೆ ಕೇಳುವಲ್ಲಿ ಕೈಗಳು ಹೆಚ್ಚಿದ್ದಷ್ಟೂ ಒಳ್ಳೆಯದು. ಇವಳ ಕಂಪನಿ ಅಂಥದ್ದಲ್ಲ.

ಹುಡುಗಿ ಮೂರು ತಿಂಗಳ ಕೊನೆಯಲ್ಲೂ ಕೂತು ಅಳೆದು ನೋಡಿದ್ದಳು. ಯಂತ್ರ ತೆವಳುವ ಹೊತ್ತಿನಲ್ಲಿ ಹಳೆಯ ಪ್ರೊಸೆಸರ್ ಬಹುಪಾಲು ಸುಮ್ಮನೇ ಇತ್ತು! ಹಳೇ ಡಿಸ್ಕಿನಿಂದ ಮಾಹಿತಿ ಬರಲೆಂದು ಕಾಯುತ್ತಿತ್ತು. ಹೆಂಗಸರು ಒಲೆಯ ಮುಂದೆ ಕೈಕಟ್ಟಿ ಕೂತಿದ್ದಾರೆ, ಗಿರಣಿಯಿಂದ ಹಿಟ್ಟೇ ಬಂದಿಲ್ಲ. ಹೊಸ ಬಗೆಯ ಡಿಸ್ಕು, ಇನ್ನಷ್ಟು ಮೆಮರಿ, 16 ಚುರುಕು ಕೋರು ಸಾಕೆಂದು ಅವಳ ಲೆಕ್ಕ.

ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ ಬರೆದ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅದರಲ್ಲಿ ಹೇಳಿದ್ದಾನೆ. ಉತ್ತರ ಇಲ್ಲದಲ್ಲಿ ಇಲ್ಲ ಎನ್ನುವುದೂ ಲೆಕ್ಕವೇ ಎಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಯಾವ ಪ್ರೊಸೆಸರ್ ಎಂಬ ಪ್ರಶ್ನೆಗೆ ತೊಂದರೆ ಪ್ರೊಸೆಸರಿನಲ್ಲಿಲ್ಲ ಎಂದು ಕಂಡುಕೊಂಡ ಹುಡುಗಿಯ ಬಗ್ಗೆ ನನಗೆ ಹೆಮ್ಮೆಯಾಯಿತು.

“ಮತ್ತ ಹೆದರಿಕಿ ಯಾತರದು?”

“ದೊಡ್ಡದು ತಗೊಂಡ್ರ ನನಗ ಯಾರೂ ಬೈಯಂಗಿಲ್ಲ ಅತ್ತಿ. ಸಣ್ಣದು ತಗೊಂಡು ಒಂದಿನ ನಿಂತಿತಂದ್ರ, ಆರಿಸಿದೋರು ಯಾರು ಅಂತ ಕೇಳ್ತಾರ.”

ಐಬಿಎಂ ಯಂತ್ರ ಕೊಂಡದ್ದಕ್ಕೆ ಯಾರೂ ನೌಕರಿ ಕಳೆದುಕೊಂಡಿಲ್ಲ ಎಂಬ ಹಳೆಯ ಮಾತೂ ಅವರ ವೃತ್ತಿಯಲ್ಲಿ ಇದೆಯಂತೆ.

ನಾನು ಸುಮ್ಮನಾದೆ. ಯಾಕೆಂದರೆ ಆ ಮಾತಿನಂತೆ ನಾನೊಮ್ಮೆ ನಡೆದುಕೊಂಡಿದ್ದೆ. ಬಿಸಿಯೂಟ 2002ರಲ್ಲಿ ಮೊದಲು ಬಂದದ್ದು ನಮ್ಮ ಈಶಾನ್ಯದ ಜಿಲ್ಲೆಗಳಿಗೆ. ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಶಾಲೆಯಲ್ಲಿ ನಾನು ಪ್ರಭಾರ ಮುಖ್ಯೋಪಾಧ್ಯಾಯಿನಿ. ಅನ್ನಕ್ಕೆ ಪಾತ್ರೆ ಕೊಳ್ಳಬೇಕಿತ್ತು. ನಡುವಿನ ಅಳತೆಯವು ಎರಡು ಸಾಕೆಂದು ಅಡುಗೆಯವರು ಹೇಳಿದರು. ನಾಳೆ ಮಕ್ಕಳು ಹೆಚ್ಚಾಗಿ ಸಾಲದೆ ಬಂದರೆ ನನ್ನ ತಲೆಗೇ ಬರುತ್ತದಲ್ಲ! ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ತಂದೆ. ಅದರಲ್ಲಿ ಅನ್ನ ಕೆಳಗೆ ಹೊತ್ತಿ ಮೇಲೆ ಬೇಯುತ್ತಿರಲಿಲ್ಲ. ಗಂಜಿ ಬಸಿಯಲು ಇಬ್ಬರಿಂದ ಬಾಗಿಸಲಾಗುತ್ತಿರಲಿಲ್ಲ. ಒಬ್ಬಾಕೆಯ ಕೈ ಉಳುಕಿತು, ಹದಿನೈದು ದಿನ ಅರಿಸಿನ ಕಟ್ಟಿಕೊಂಡು ಓಡಾಡಿದಳು. ತಪಾಸಣೆಗೆ ಬಂದವರು ಪಾತ್ರೆ ನೋಡಿ ಮೆಚ್ಚಿದರು. ನನ್ನನ್ನು ಯಾರೂ ಬೈಯಲಿಲ್ಲ, ಆ ಕೈ ಉಳುಕಿದ ಹೆಂಗಸೂ ಕೂಡ. ಇಂದಿಗೂ ನನ್ನನ್ನು ಚುಚ್ಚುವುದು ಅದೇ. ನಾನು ಕೊಂಡದ್ದು ಅನ್ನದ ಪಾತ್ರೆಯನ್ನಲ್ಲ, ನನ್ನ ನಿಶ್ಚಿಂತೆಯನ್ನು. ಅದರ ಬೆಲೆ ಕಟ್ಟಿದವರು ಬೇರೆ.

ಇದನ್ನು ನಾನು ಭ್ರಷ್ಟಾಚಾರ ಎನ್ನಲಾರೆ. ಒಂದು ಪೈಸೆ ಮುಟ್ಟಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ. ಹಾಗಾದರೆ ಅದು ಏನು? ನನಗೆ ಇನ್ನೂ ಹೆಸರು ಸಿಕ್ಕಿಲ್ಲ.

ಪಾತ್ರೆಯ ಕತೆಯನ್ನು ಹುಡುಗಿಗೆ ಹೇಳಿದೆ. ಅವಳು ಮೊಂಡು ಹಿಡಿದಳು: “ನಿಂದು ಸರ್ಕಾರಿ ನೌಕರಿ ಅತ್ತಿ. ನನಗ ನಾಳೆ ಬರಬ್ಯಾಡ ಅಂದ್ರ ಮನಿ ಸಾಲದ ಕಂತು ಯಾರು ಕಟ್ಟತಾರ?” ಉತ್ತರ ನನ್ನ ಬಳಿ ಇರಲಿಲ್ಲ. ಪಿಂಚಣಿಯ ನೆರಳಿನಲ್ಲಿ ಕೂತು ಇನ್ನೊಬ್ಬರಿಗೆ ಧೈರ್ಯ ಹೇಳುವುದು ಸುಲಭ.

ಹಬ್ಬ ಮುಗಿಸಿ ಹೋದಮೇಲೆ ಅವಳೇ ದಾರಿ ಹುಡುಕಿಕೊಂಡಳು. ಎರಡು ಪ್ರೊಸೆಸರ್ ಕೂರಿಸಬಹುದಾದ ಸರ್ವರಿನಲ್ಲಿ ಸದ್ಯ 16 ಕೋರಿನ ಒಂದನ್ನೇ ಕೂರಿಸಿ, ಇನ್ನೊಂದರ ಜಾಗ ಖಾಲಿ ಬಿಡಬೇಕೆಂದು ಬರೆದಳು. ಮೂರು ತಿಂಗಳ ಅಳತೆಯ ಹಾಳೆಗಳನ್ನು ಲಗತ್ತಿಸಿ, ಕೆಳಗೆ ಸಹಿ ಮಾಡಿ ಮೇಲಕ್ಕೆ ಕಳಿಸಿದಳು. ಮೊನ್ನೆ ಫೋನ್ ಮಾಡಿದ್ದಳು. ಮೇಲಿನವರು ಕರೆಸಿ, ಇಷ್ಟು ಸಣ್ಣದನ್ನು ಆರಿಸಿದ್ದು ಯಾರು ಎಂದು ಕೇಳಿದರಂತೆ.

“ನೀ ಏನಂದಿ?”

“ನಾನು ಅಂದೆ.”