ಕಲ್ಲೊಳಗಿನ ಹೊಳೆ

ಬೇಸಿಗೆಯಲ್ಲಿ ಹೊಳೆ ಇಳಿದಾಗ, ಕಾವೇರಿಗೆ ಕಪಿಲೆ ಬಂದು ಸೇರುವ ತಿರುಮಕೂಡಲಿನಲ್ಲಿ, ಸೋಸಲೆಯ ಮಗ್ಗುಲಲ್ಲೇ, ನೀರು ಬಿಟ್ಟುಹೋದ ಅಲೆಗೆರೆಗಳು ಮರಳ ಮೇಲೆ ಒಂದರ ಹಿಂದೊಂದು ಮಲಗಿರುತ್ತವೆ; ನಡುನಡುವೆ ಉರುಳುರುಳಿ ಮೂಲೆ ಸವೆದ ಬೆಣಚುಕಲ್ಲುಗಳು, ಕೆಲವು ಹಾಲುಬಿಳಿ, ಕೆಲವು ಒಳಗೆ ಹೊಗೆ ಸುಳಿದಂತೆ ಮಬ್ಬು. ಎತ್ತಿಕೊಂಡರೆ ಬಿಸಿಲಿಗೊಡ್ಡಿದ ಬೆನ್ನು ಬೆಚ್ಚಗೆ, ಮರಳಲ್ಲಿ ಹುದುಗಿದ್ದ ಹೊಟ್ಟೆ ಇನ್ನೂ ತಣ್ಣಗೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿ ಕೂಡಿಕೊಳ್ಳುತ್ತದೆಂದು ನಂಬಿ ಮುಳುಗೇಳುವ ಜನಕ್ಕೆ ಕಾಣದ ನೀರನ್ನು ನೆನೆಯುವುದೇನೂ ಹೊಸದಲ್ಲ.

ಕಲ್ಲೊಳಗೂ ಅಂಥದೊಂದು ಹೊಳೆ ಅಡಗಿತ್ತು. ಈ ಸೀಮೆಯ ತಳಗಲ್ಲು ನೈಸ್, ಬಿಳಿ ಬೂದು ಪಟ್ಟೆಗಳು ಸುತ್ತಿ ಸುಳಿದು ಹರಿಯುತ್ತಲೇ ಹೆಪ್ಪುಗಟ್ಟಿದ ಶಿಲೆ. ಬಾಬಾಬುಡನ್‌ಗಿರಿ, ಚಿತ್ರದುರ್ಗಗಳ ಕಡೆ ಅದರ ನಡುವೆ ಕಪ್ಪುಹಸಿರು ಪದರಗಲ್ಲಿನ ಪಟ್ಟಿಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವಕ್ಕೆ ಧಾರವಾಡದ ಹೆಸರಿಟ್ಟು, ನೈಸಿನ ಹಾಸಿನ ಮೇಲೆ ಆಮೇಲೆ ಬಂದು ಕೂತವು ಎಂದರು. 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಅವರ ನಂತರ ಬಂದ ಡಬ್ಲ್ಯು. ಎಫ್. ಸ್ಮೀತ್ ಎಲ್ಲವನ್ನೂ ತಿರುವಿಹಾಕಿದರು: ಪದರಗಲ್ಲುಗಳೇ ಹಿರಿಯವು, ಬೆಂಕಿಯಲ್ಲಿ ಹುಟ್ಟಿದವು, ನೈಸು ಕೆಳಗಿನಿಂದ ಉಕ್ಕಿಬಂದು ಅವನ್ನು ನುಂಗಿತು. ಹಾಗಾದರೆ ಅವುಗಳೊಳಗಿನ ಉಂಡೆಗಲ್ಲುಗಳು? ನೆಲ ನಲುಗಿದಾಗ ನುರಿದು ದುಂಡಾದವು, ಅಷ್ಟೆ.

ಆ ಉಂಡೆಗಳೇ ಆಮೇಲೆ ಮಾತಾಡಿದವು. ಅದೇ ಇಲಾಖೆಯ ಬಿ. ರಾಮರಾವ್ ಮುಂತಾದವರು ಅದೇ ಬಂಡೆಗಳ ಮುಂದೆ ನಿಂತು, ನೀರಿನ ಬೆರಳು ಎಳೆದ ಅಲೆಗೆರೆಗಳನ್ನು, ಓರೆಯಾಗಿ ಪೇರಿಸಿಕೊಂಡ ಮರಳಿನ ಹಾಸುಗಳನ್ನು ಗುರುತಿಸಿದರು. ಬಾಬಾಬುಡನ್‌ಗಿರಿ ಕಡೆಯ ಕಲ್ದುರ್ಗದಲ್ಲಿ ಉಂಡೆಗಲ್ಲುಗಳು ಬೆಸೆದುಕೊಂಡ ಪೆಂಟೆಶಿಲೆಯಲ್ಲಂತೂ ಹುದುಗಿದ ಉಂಡೆಗಳಲ್ಲಿ ನೈಸಿನವೇ ಇವೆ. ಹರಿವಿಗೆ ಸಿಕ್ಕಿ ದುಂಡಾಗಿ ಇಲ್ಲಿ ಬಂದು ತಂಗಬೇಕಾದರೆ ಆ ನೈಸು ಮೊದಲೇ ಬೆಟ್ಟವಾಗಿ ನಿಂತು, ಮಳೆಗೆ ನೆನೆದು, ಒಡೆದಿರಬೇಕಲ್ಲವೇ! ನನಗೆ ಇಡೀ ಕಥೆಯಲ್ಲಿ ಇದಕ್ಕಿಂತ ಸೊಗಸಾದ ತಿರುವು ಕಾಣುವುದಿಲ್ಲ.

ಹಾಗಂತ ಸ್ಮೀತ್ ಪೂರ್ತಿ ಸೋತರೆನ್ನಲೂ ಬರುವುದಿಲ್ಲ. ನಂಜನಗೂಡಿನಿಂದ ನೈಋತ್ಯಕ್ಕೆ ಸರಗೂರಿನ ಸುತ್ತ, ಇತ್ತ ಸಿಂಧುವಳ್ಳಿಯ ಬಳಿ, ನೈಸಿಗಿಂತ ಹಳೆಯ ಕಲ್ಲಿನ ತುಣುಕುಗಳು ಒಬ್ಬಟ್ಟಿನ ಹೂರಣದಲ್ಲುಳಿದ ಅರೆಬೆಂದ ಬೇಳೆಯಂತೆ ಅದರೊಳಗೇ ಸಿಕ್ಕಿಕೊಂಡಿವೆ. 1970ರ ದಶಕದಲ್ಲಿ ಅವಕ್ಕೆ ಸರಗೂರಿನದೇ ಹೆಸರು ಬಂತು. ನುಂಗಿದ್ದೂ ನಿಜ, ಹಾಸಾಗಿದ್ದೂ ನಿಜ, ಕಾಲಗಳು ಬೇರೆ. ಪಕ್ಕದ ಚಾಮುಂಡಿ ಬೆಟ್ಟದ ಗ್ರಾನೈಟನ್ನೂ ಒಂದು ಕಾಲಕ್ಕೆ ರಾಮನಗರದ ಬಂಡೆಗಳ ಓರಗೆಯದೆಂದು ಎಣಿಸಿದ್ದರು. ಈಗಿನ ಲೆಕ್ಕದಲ್ಲಿ ಅವು ಸುಮಾರು 250 ಕೋಟಿ ವರ್ಷದವು, ಇದು ಬರೀ 80 ಕೋಟಿಯ ಆಸುಪಾಸಿನ ಎಳೆಯದು.

ಸರಗೂರು ಗುಂಪಿನ ಕಲ್ಲುಗಳಲ್ಲಿ ಒಮ್ಮೆ ಮರಳಾಗಿದ್ದ ಕ್ವಾರ್ಟ್ಸೈಟ್ ಕೂಡ ಇದೆ. ಅಂದರೆ ನೈಸು ನುಂಗಿದ್ದರಲ್ಲಿ ನೀರು ಹಾಸಿದ ಮರಳೂ ಸೇರಿತ್ತು. ಆ ಮರಳಿನ ಜೊತೆ ಬಂದ ಜಿರ್ಕಾನ್ ಎಂಬ ಹರಳು ಬರಿಗಣ್ಣಿಗೆ ಕಾಣುವುದೇ ಕಷ್ಟ. ಅದರೊಳಗೆ ಯುರೇನಿಯಂ ಸದ್ದಿಲ್ಲದೆ ಸೀಸವಾಗುತ್ತ ಬಂದ ಲೆಕ್ಕ ಹಿಡಿದರೆ, ಕೆಲವಕ್ಕೆ 350 ಕೋಟಿ ವರ್ಷ ದಾಟಿದೆ. ಯಾವ ಬೆಟ್ಟ ಕರಗಿ, ಯಾವ ಮಳೆಗೆ ಅವು ಕೆಳಗಿಳಿದವೋ! ಫೂಟ್‌ಗೂ ಸ್ಮೀತ್‌ಗೂ ಅಂಥದೊಂದು ಹರಳನ್ನು ತೋರಿಸುವಂತಿದ್ದರೆ, ವಯಸ್ಸಿನ ಮಾತು ಹಾಗಿರಲಿ, ಇಬ್ಬರೂ ಮೊದಲು ಕೇಳುತ್ತಿದ್ದುದು ಇದು ಯಾವ ಹಳ್ಳದ ದಂಡೆಯಲ್ಲಿ ಸಿಕ್ಕಿತು ಎಂದೇ ಇರಬೇಕು.