ಬಲ್ಲವರನ್ನು ಕೇಳುವ ಅಭ್ಯಾಸ



2022ರ ಆಗಸ್ಟ್ 9, ಮಂಗಳವಾರ. ನಮ್ಮ ದೇಶದಲ್ಲಿ ಅಂದು ಮುಹರ್ರಮ್ ತಿಂಗಳ ಹತ್ತನೆಯ ದಿನ, ಆಶೂರಾ. ಅಂದು ಬೆಳಿಗ್ಗೆ ಏಳು ಗಂಟೆಯ ಆಸುಪಾಸಿನಲ್ಲಿ ಗೂಗಲ್ ಹುಡುಕಾಟವು ಲೋಕದ ಅನೇಕ ಕಡೆಗಳಲ್ಲಿ ಸ್ವಲ್ಪ ಹೊತ್ತು ನಿಂತುಹೋಯಿತು. ಏನನ್ನು ಕೇಳಿದರೂ ಉತ್ತರದ ಬದಲು ದೋಷದ ಪುಟವೊಂದು ತೆರೆದುಕೊಳ್ಳುತ್ತಿತ್ತು. ಸಾಫ್ಟ್‌ವೇರ್ ಬದಲಾವಣೆಯ ವೇಳೆ ಆದ ತೊಡಕು ಇದೆಂದು ಕಂಪೆನಿಯು ಬಳಿಕ ತಿಳಿಸಿ ಕ್ಷಮೆ ಕೋರಿತು.

ಆ ಹೊತ್ತಿನಲ್ಲಿ ಯಳಂದೂರಿನ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಆ ಮನೆಯ ಹುಡುಗ ಕೊಳ್ಳೇಗಾಲದ ಕಾಲೇಜಿಗೆ ಹೋಗುತ್ತಿದ್ದವನು. ಚಿಕ್ಕಂದಿನಲ್ಲಿ ನನ್ನ ಬಳಿ ಕುರ್‌ಆನ್ ಓದಲು ಕಲಿತವನು. ಅಂದು ಆಶೂರಾ ಎಂಬುದು ಹಿಂದಿನ ರಾತ್ರಿ ಅವನ ನೆನಪಿಗೇ ಬಂದಿರಲಿಲ್ಲ. ಬೆಳಿಗ್ಗೆ ಎದ್ದಾಗ ತಾಯಿ ಉಪವಾಸವಿರುವುದನ್ನು ಕಂಡು ತನಗೂ ಉಪವಾಸ ಹಿಡಿಯುವ ಆಸೆಯಾಯಿತು. ಸಹರಿ ಮಾಡಿಲ್ಲ, ರಾತ್ರಿ ನಿಯ್ಯತ್ ಮಾಡಿಲ್ಲ, ಸೂರ್ಯ ಮೇಲೇರಿದ್ದಾನೆ. ಈಗ ಉಪವಾಸ ಹಿಡಿಯಬಹುದೇ? ತಾಯಿಯನ್ನು ಕೇಳಿದ. "ನನಗೆ ಸರಿಯಾಗಿ ಗೊತ್ತಿಲ್ಲಪ್ಪ, ಫೋನಿನಲ್ಲಿ ನೋಡು" ಎಂದರು. ನೋಡಿದ, ಫೋನು ಉತ್ತರ ಕೊಡಲಿಲ್ಲ. ಮತ್ತೆ ಮತ್ತೆ ಒತ್ತಿದ. ಕೊನೆಗೆ "ಹೋಗಲಿ ಬಿಡು" ಎನ್ನುತ್ತಾ ಚಹಾದ ಲೋಟಕ್ಕೆ ಕೈ ಚಾಚಿದ.

ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ಅವನ ದಾದಿ ಆಗ ಬಾಯಿ ತೆರೆದರು.

"ಬೆಳಗಿನ ಜಾವದಿಂದ ಏನಾದರೂ ತಿಂದಿದ್ದೀಯೇನಪ್ಪಾ?"

"ಇಲ್ಲ ದಾದಿ, ನೀರೂ ಕುಡಿದಿಲ್ಲ."

"ಹಾಗಾದರೆ ಚಹಾ ಇಡು. ಈಗಲೇ ನಿಯ್ಯತ್ ಮಾಡು. ನಫಿಲ್ ರೋಜಾಕ್ಕೆ ಹೊತ್ತು ನೆತ್ತಿಗೇರುವ ಮುಂಚೆ ನಿಯ್ಯತ್ ಮಾಡಿದರೂ ಆಗುತ್ತದೆ. ನಿನ್ನೆ ಹಿಡಿದಿಲ್ಲವಲ್ಲ, ನಾಳೆ ಇನ್ನೊಂದು ಹಿಡಿ."

"ನಿಮಗೆ ಇದೆಲ್ಲ ಹೇಗೆ ಗೊತ್ತು ದಾದಿ?"

"ನನ್ನ ಅಬ್ಬಾ ಹೇಳಿಕೊಟ್ಟಿದ್ದರು. ನೀವು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಆ ತಾಯಿ ಹೇಳಿದ್ದು ಸರಿಯಾಗಿತ್ತು. ಸುಬಹ್ ಸಾದಿಕ್‌ನಿಂದ ಏನನ್ನೂ ಸೇವಿಸದೆ ಇದ್ದವನು ಐಚ್ಛಿಕ ಉಪವಾಸಕ್ಕೆ ಹಗಲಿನಲ್ಲೂ ನಿಯ್ಯತ್ ಮಾಡಬಹುದೆಂದು ಹನಫೀ ಮತ್ತು ಶಾಫಿಈ ವಿದ್ವಾಂಸರು ಹೇಳಿದ್ದಾರೆ. ಹನಫೀಗಳಲ್ಲಿ ಅದರ ಗಡುವು ಸುಬಹ್ ಸಾದಿಕ್ ಮತ್ತು ಸೂರ್ಯಾಸ್ತಗಳ ನಡುವಿನ ಅರ್ಧ ಹೊತ್ತು. ಆದ್ದರಿಂದ ನಡು ಮಧ್ಯಾಹ್ನಕ್ಕಿಂತ ಸಾಕಷ್ಟು ಮುಂಚೆಯೇ ಅದು ಮುಗಿಯುತ್ತದೆ. ಪ್ರವಾದಿವರ್ಯರು(ಸ) ಒಂದು ದಿನ ಮನೆಗೆ ಬಂದು ಆಹಾರವೇನಾದರೂ ಇದೆಯೇ ಎಂದು ವಿಚಾರಿಸಿ, ಇಲ್ಲವೆಂದಾಗ ತಾವು ಉಪವಾಸವಿರುವುದಾಗಿ ತಿಳಿಸಿದ ಸಂಗತಿಯನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ.

ಗೂಗಲ್ ಬಲುಬೇಗ ಸರಿಯಾಯಿತು. ಆದರೆ ಆ ದಾದಿಯ ಮಾತು ನನ್ನನ್ನು ಬಿಡಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ! ನಮ್ಮ ಎಷ್ಟು ಮನೆಗಳಲ್ಲಿ ಜ್ಞಾನವು ಹೀಗೆ ಮೂಲೆಯಲ್ಲಿ ಮೌನವಾಗಿ ಕುಳಿತಿದೆ? ಯಂತ್ರವು ಕೆಟ್ಟ ದಿನ ಮಾತ್ರ ಅದರ ಬೆಲೆ ನಮಗೆ ತಿಳಿಯಬೇಕೇ?

ಓದುಗರೇ, ಹುಡುಕಾಟದ ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದೂ ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿದ ಬುದ್ಧಿಯ ಫಲವೇ. ನಾನೂ ಅದನ್ನು ಬಳಸುತ್ತೇನೆ. ಆದರೆ ನಮ್ಮ ದೀನಿನ ತಿಳಿವಳಿಕೆಯನ್ನೆಲ್ಲ ಒಂದೇ ಕಣಜದಲ್ಲಿ ಸುರಿದು, ಅದರ ಬೀಗದ ಕೈಯನ್ನು ಪರರ ಬಳಿ ಬಿಟ್ಟು ನಿಶ್ಚಿಂತರಾಗಿರುವುದು ವಿವೇಕವೇ?

ನಮ್ಮ ಪೂರ್ವಿಕರು ಏನು ಮಾಡಿದರು ನೋಡಿ. ಪ್ರವಾದಿವರ್ಯರ(ಸ) ನಿಧನಾನಂತರ ನಡೆದ ಯಮಾಮಾ ಯುದ್ಧದಲ್ಲಿ ಕುರ್‌ಆನನ್ನು ಕಂಠಪಾಠ ಮಾಡಿಕೊಂಡಿದ್ದ ಅನೇಕರು ಹುತಾತ್ಮರಾದರು. ಹಝ್ರತ್ ಉಮರ್(ರ) ಕಳವಳಗೊಂಡು, ಕುರ್‌ಆನನ್ನು ಒಂದೆಡೆ ಬರೆದಿಡಬೇಕೆಂದು ಖಲೀಫಾ ಹಝ್ರತ್ ಅಬೂಬಕರ್(ರ) ಅವರಲ್ಲಿ ವಿನಂತಿಸಿದರು. ಆ ಹೊಣೆ ಹಝ್ರತ್ ಝೈದ್ ಬಿನ್ ಸಾಬಿತ್(ರ) ಅವರಿಗೆ ಬಂತು. ಅವರಿಗೆ ಸ್ವತಃ ಕುರ್‌ಆನ್ ಬಾಯಿಪಾಠವಾಗಿತ್ತು. ಆದರೂ ತಮ್ಮ ನೆನಪೊಂದನ್ನೇ ನೆಚ್ಚಲಿಲ್ಲ. ಬರೆದಿಟ್ಟ ತುಣುಕುಗಳಿಂದಲೂ ಜನರ ಹೃದಯಗಳಿಂದಲೂ ಅದನ್ನು ಸಂಗ್ರಹಿಸಿದರು. ಬರಹಕ್ಕೆ ನೆನಪು ಸಾಕ್ಷಿ, ನೆನಪಿಗೆ ಬರಹ ಸಾಕ್ಷಿ. ಒಂದು ಕಡೆ ನಷ್ಟವಾದರೆ ಇನ್ನೊಂದು ಕಡೆ ಉಳಿದಿರಬೇಕೆಂಬ ಎಚ್ಚರ ಅದು.

ಕೊಳ್ಳೇಗಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ರೇಷ್ಮೆಯ ಊರು. ರೇಷ್ಮೆಯ ನೂಲು ಒಂದೇ ಗೂಡಿನದಲ್ಲ; ಹಲವು ಗೂಡುಗಳ ಎಳೆಗಳು ಕೂಡಿ ಒಂದು ನೂಲಾಗುತ್ತದೆ. ಒಂದು ಗೂಡಿನ ಎಳೆ ಮುಗಿದರೆ ಅಥವಾ ಹರಿದರೆ ನೂಲು ತೆಗೆಯುವವರು ಇನ್ನೊಂದು ಗೂಡಿನ ಎಳೆಯನ್ನು ಸೇರಿಸುತ್ತಾರೆ. ಒಂದೇ ಎಳೆಯ ಮೇಲೆ ಸೀರೆ ನೇಯಹೊರಟವರುಂಟೇ?

ಇನ್ನೊಂದು ಮಾತನ್ನೂ ಮರೆಯಬಾರದು. ಯಂತ್ರವು ನಿಂತಾಗ ನಮಗೆ ಗೊತ್ತಾಗುತ್ತದೆ. ನಡೆಯುತ್ತಲೇ ತಪ್ಪಿದಾಗ ಗೊತ್ತಾಗುವುದಿಲ್ಲ. 2009ರ ಜನವರಿ 31ರಂದು, ನಮ್ಮಲ್ಲಿ ರಾತ್ರಿ ಎಂಟರ ಹೊತ್ತಿಗೆ, ಗೂಗಲ್ ತಾನು ತೋರಿಸಿದ ಹೆಚ್ಚುಕಡಿಮೆ ಎಲ್ಲ ತಾಣಗಳ ಮುಂದೆಯೂ ಇದು ಹಾನಿಕರವೆಂಬ ಎಚ್ಚರಿಕೆಯನ್ನು ಹಾಕಿತು. ಕಾರಣವೇನು? ಹಾನಿಕರ ತಾಣಗಳ ಪಟ್ಟಿಗೆ ಕೈತಪ್ಪಿನಿಂದ ಬರೀ ಒಂದು ಓರೆಗೆರೆ ಸೇರಿಬಿಟ್ಟಿತ್ತು. ಆ ಗೆರೆ ಎಲ್ಲ ವಿಳಾಸಗಳಲ್ಲೂ ಇರುವಂಥದ್ದು. ಒಂದು ಗಂಟೆಯೊಳಗೆ ಅದನ್ನು ತಿದ್ದಿದರು. ಮನುಷ್ಯರ ತಪ್ಪೆಂದು ಒಪ್ಪಿಕೊಂಡರು. ಒಳ್ಳೆಯದನ್ನೂ ಕೆಟ್ಟದ್ದೆಂದು ತೋರಿಸಬಲ್ಲ ಸಾಧನವು ಕೆಟ್ಟದ್ದನ್ನು ಒಳ್ಳೆಯದೆಂದು ತೋರಿಸಲಾರದೇ? ಸುದ್ದಿ ಬಂದಾಗ ಅದನ್ನು ತಂದವನು ಯಾರೆಂದು ನೋಡಿ ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಕಲಿಸುತ್ತದೆ. ತಿಳಿಯದಿದ್ದರೆ ಬಲ್ಲವರನ್ನು ವಿಚಾರಿಸಬೇಕೆಂದು ಅನ್ನಹ್ಲ್ ಅಧ್ಯಾಯವು ಹೇಳುತ್ತದೆ. ಮೊದಲು ಕಂಡ ಉತ್ತರವೇ ಬಲ್ಲವರ ಉತ್ತರವೆಂದು ಎಲ್ಲಿಯೂ ಹೇಳಿಲ್ಲ. ಒಂದೇ ಒಂದು ಹದೀಸನ್ನು ಕೇಳಿದವರ ಬಾಯಿಂದಲೇ ಕೇಳಲು ಹಝ್ರತ್ ಜಾಬಿರ್(ರ) ಒಂದು ತಿಂಗಳ ದಾರಿ ಪ್ರಯಾಣ ಮಾಡಿದರು. ನಮಗಾದರೋ ಪಕ್ಕದ ಕೋಣೆಗೆ ಹೋಗಿ ಕೇಳಲೂ ಬಿಡುವಿಲ್ಲ!

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯದಾಗಿ, ಪ್ರತಿ ಮನೆಯಲ್ಲೂ ಒಂದು ನೋಟುಪುಸ್ತಕವಿರಲಿ. ಜನಾಝಾ ನಮಾಝಿನ ನಾಲ್ಕು ತಕ್ಬೀರುಗಳು ಮತ್ತು ಅವುಗಳ ನಡುವೆ ಏನನ್ನು ಓದಬೇಕೆಂಬುದನ್ನು ಅದರಲ್ಲಿ ಬರೆಯಿರಿ. ಝಕಾತಿನ ನಿಸಾಬ್ ಬರೆಯಿರಿ: ನಮ್ಮ ದೇಶದ ಉಲಮಾಗಳು ಸಾಮಾನ್ಯವಾಗಿ ಹೇಳುವಂತೆ ಚಿನ್ನ 87.48 ಗ್ರಾಂ, ಬೆಳ್ಳಿ 612.36 ಗ್ರಾಂ, ಕೊಡಬೇಕಾದದ್ದು ನಲವತ್ತರಲ್ಲಿ ಒಂದು ಪಾಲು. ಮಸೀದಿಯ ಇಮಾಮರ, ವೈದ್ಯರ, ಬಂಧುಗಳ ದೂರವಾಣಿ ಸಂಖ್ಯೆಗಳನ್ನೂ ಬರೆದಿಡಿ. ತುರ್ತಿಗೆ 112, ಆಂಬುಲೆನ್ಸಿಗೆ 108 ಎಂಬುದು ಮಕ್ಕಳಿಗೂ ಬಾಯಿಗೆ ಬರುವಂತಿರಲಿ. ಸಾವು, ಕಾಯಿಲೆಗಳು ಯಂತ್ರ ಸರಿಯಾಗುವವರೆಗೆ ಕಾಯುವುದಿಲ್ಲ.

ಎರಡನೆಯದಾಗಿ, ಆಕಾಶವನ್ನು ಓದಲು ಕಲಿಯಿರಿ. ಹನೂರಿನಿಂದ ಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ಕಾಡುದಾರಿಯಲ್ಲಿ ಫೋನಿನ ಸಿಗ್ನಲ್ ಕೈಕೊಡುವುದು ನಮಗೆ ಹೊಸತಲ್ಲ. ಅಲ್ಲಿ ನಮಾಝಿನ ಹೊತ್ತಾದರೆ ಕಿಬ್ಲಾ ಯಾವ ಕಡೆ? ನಮ್ಮ ಭಾಗದಲ್ಲಿ ಅದು ಪಶ್ಚಿಮದಿಂದ ತುಸು ಉತ್ತರಕ್ಕಿದೆ. ಇನ್ನೂ ಖಚಿತವಾಗಿ ತಿಳಿಯಬೇಕೇ? ಪ್ರತಿ ವರ್ಷ ಮೇ 27 ಅಥವಾ 28ರಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಜುಲೈ 15 ಅಥವಾ 16ರಂದು 2 ಗಂಟೆ 57 ನಿಮಿಷಕ್ಕೆ ಸೂರ್ಯನು ಕಅಬಾದ ನೆತ್ತಿಯ ಮೇಲಿರುತ್ತಾನೆ. ಬಿಸಿಲಿದ್ದರೆ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳಿನ ತುದಿಯಿಂದ ಕೋಲಿನ ಬುಡದ ಕಡೆಗೆ ಮುಖ ಮಾಡಿದರೆ ಅದೇ ಕಿಬ್ಲಾ. ಮಕ್ಕಳ ಕೈಯಲ್ಲೇ ಆ ಗೆರೆಯನ್ನು ಎಳೆಸಿರಿ. ಅವರು ಅದನ್ನು ಜೀವಮಾನವಿಡೀ ಮರೆಯಲಾರರು.

ಮೂರನೆಯದಾಗಿ, ವಾರಕ್ಕೊಂದು ಪ್ರಶ್ನೆಯನ್ನಾದರೂ ಮನುಷ್ಯರಲ್ಲಿ ಕೇಳಿರಿ. ಮನೆಯ ಹಿರಿಯರನ್ನು ಕೇಳಿ, ಇಮಾಮರನ್ನು ಕೇಳಿ. ಹಿರಿಯರು ತಪ್ಪಲಾರರೆಂದಲ್ಲ, ಅವರು ಹೇಳಿದ್ದನ್ನೂ ಆಲಿಮರಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಿ. ಕೇಳಿದವರಿಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಲು ನಾಚದಿರಲಿ. ಇಮಾಮ್ ಮಾಲಿಕರಂತಹ(ರ) ಮಹಾ ವಿದ್ವಾಂಸರೇ ಎಷ್ಟೋ ಪ್ರಶ್ನೆಗಳಿಗೆ ತಮಗೆ ತಿಳಿಯದೆಂದು ಉತ್ತರಿಸುತ್ತಿದ್ದರು. ನಿಮ್ಮ ಮುಖವನ್ನು ನೋಡಿ, ನಿಮ್ಮ ಪರಿಸ್ಥಿತಿಯನ್ನು ವಿಚಾರಿಸಿ ಉತ್ತರ ಕೊಡುವವರು ಮನುಷ್ಯರು. ಆ ದಾದಿ ಉತ್ತರ ಹೇಳುವ ಮೊದಲು ಏನು ಕೇಳಿದರು, ನೆನಪಿದೆಯೇ? ಏನಾದರೂ ತಿಂದಿದ್ದೀಯೇನಪ್ಪಾ ಎಂದು. ಇಡೀ ಮಸ್‌ಅಲೆ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

ಕೊನೆಯದಾಗಿ ಒಂದು ಮಾತು. ಆ ಹುಡುಗ ಅಂದಿನಿಂದ ರಾತ್ರಿ ಊಟವಾದ ಬಳಿಕ ದಾದಿಯ ಬಳಿ ಕುಳಿತು ಒಂದೊಂದೇ ವಿಷಯ ಕೇಳತೊಡಗಿದ. ಕೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆಯತೊಡಗಿದ. ಸಂದೇಹವಿದ್ದ ಕಡೆ ಗುರುತು ಹಾಕಿ ನನ್ನಲ್ಲಿಗೆ ತರುತ್ತಿದ್ದ. ಮರುವರ್ಷದ ಮುಹರ್ರಮ್ ಬರುವ ಮುನ್ನವೇ ಆ ತಾಯಿ ಅಲ್ಲಾಹನ ಕರೆಗೆ ಓಗೊಟ್ಟರು. ಜನಾಝಾದ ದಿನ ಆ ಹುಡುಗ ಯಾವ ದುಆವನ್ನೂ ಫೋನಿನಲ್ಲಿ ಹುಡುಕಲಿಲ್ಲ. ದಾದಿಯೇ ಕಲಿಸಿದ ದುಆವನ್ನು ದಾದಿಗಾಗಿ ಓದಿದ. ಆ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆಗಳು ಖಾಲಿ ಉಳಿದಿವೆ.

ನಿಮ್ಮ ಮನೆಯಲ್ಲೂ ಒಬ್ಬ ದಾದಿ, ಒಬ್ಬ ನಾನಿ, ಒಬ್ಬ ಅಜ್ಜ ಇರಬಹುದು. ಅವರು ಇರುವಾಗಲೇ ಕೇಳಿರಿ. ಈ ಸಂಚಿಕೆಯನ್ನು ಮಡಚಿಟ್ಟ ಬಳಿಕ ಇಂದೇ ಒಂದು ಪ್ರಶ್ನೆ ಕೇಳಿರಿ.

ಉಪಯುಕ್ತವಾದ ಜ್ಞಾನವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ನಮ್ಮ ಹಿರಿಯರನ್ನು ಕರುಣಿಸಲಿ, ಅವರಿಂದ ಕಲಿತದ್ದನ್ನು ನಮ್ಮ ಮಕ್ಕಳಿಗೆ ತಲಪಿಸುವ ಭಾಗ್ಯವನ್ನು ನೀಡಲಿ. ಆಮೀನ್.